14 ಎಕರೆ, ನಾಲ್ಕು ಥರದ ನೆಲ: ಗುಡ್ಡದ ತೋಟವೊಂದಕ್ಕೆ ಕಳೆ ಮೆಷಿನ್ ಆರಿಸಿದ ಪ್ರಕರಣ

ಇದು ಮಲೆನಾಡಿನ ಒಂದು ಮನೆಯ ಮೂರು ಮಳೆಗಾಲಗಳ ಕಥೆ. ಗುಡ್ಡದ ಮೈಯಲ್ಲಿರುವ ತೋಟಕ್ಕೆ ಕಳೆ ಹೊಡೆಯುವ ಮೆಷಿನ್ ಬೇಕಿತ್ತು. ಯಾವುದು ಸರಿ ಎಂದು ಹುಡುಕುತ್ತಾ ಅವರು ದುಡ್ಡೂ ಕಳೆದುಕೊಂಡರು, ಬಳ್ಳಿಗಳನ್ನೂ ಕಳೆದುಕೊಂಡರು. ಕೊನೆಗೆ ಒಂದು ದಾರಿ ಸಿಕ್ಕಿತು. ನಾನು ಆ ಮನೆಗೆ ನೆಂಟ. ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲೇ ಇದ್ದೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಅಂಗಡಿ, ಮೆಷಿನ್ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಯಜಮಾನರನ್ನು ಅಣ್ಣ ಎಂದೂ ಅವರ ಹೆಂಡತಿಯನ್ನು ಅತ್ತಿಗೆ ಎಂದೂ ಕರೆಯುತ್ತೇನೆ. ಲೆಕ್ಕಗಳೆಲ್ಲ ಅತ್ತಿಗೆಯ ಡೈರಿಯಿಂದ ತೆಗೆದುಕೊಂಡವು.

ಜಮೀನು ಮತ್ತು ಮನೆ

ಊರು ಆಗುಂಬೆಯ ಸುತ್ತಲಿನ ಮಳೆ ಪ್ರದೇಶದಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆಯಾಗುತ್ತದೆ. ಇವರ ಊರಿನಲ್ಲಿ ಅಷ್ಟಿಲ್ಲ, ಆದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ನೆಲ ಒಣಗುವುದೇ ಇಲ್ಲ. ಈ ವಾರ ಕತ್ತರಿಸಿದ ಹುಲ್ಲು ಮೂರು ವಾರದಲ್ಲಿ ಮತ್ತೆ ಮೊಣಕಾಲು ಮುಟ್ಟುತ್ತದೆ.

ಒಟ್ಟು 14 ಎಕರೆ. ಕಣಿವೆಯಲ್ಲಿ 4 ಎಕರೆ ಅಡಿಕೆ, ಮರಗಳಿಗೆ ಕಾಳುಮೆಣಸಿನ ಬಳ್ಳಿ. ಅದರ ಮೇಲೆ ಗುಡ್ಡದ ಮೈಗೆ 6 ಎಕರೆ ಕಾಫಿ. ಮನೆ ಮತ್ತು ಅಡಿಕೆ ಒಣಗಿಸುವ ಅಂಗಳದ ಸುತ್ತ ಒಂದೂವರೆ ಎಕರೆ ಹಕ್ಕಲು, ಸುಮಾರಾಗಿ ಸಮತಟ್ಟು. ಉಳಿದ ಎರಡೂವರೆ ಎಕರೆ ಬೇಣ, ದರೆ, ದಾರಿಯ ಅಂಚು. ಬೇಣ ಎಂದರೆ ಹುಲ್ಲು ಬೆಳೆಯುವ ಗುಡ್ಡದ ಜಾಗ. ದರೆ ಎಂದರೆ ಮನೆ ಹಿಂದೆಯೂ ದಾರಿಯ ಪಕ್ಕದಲ್ಲೂ ಗುಡ್ಡ ಕಡಿದು ಮಾಡಿದ ಗೋಡೆಯಂಥ ಜಾಗ. ಕೆಲವು ಕಡೆ ಎರಡಾಳು ಎತ್ತರ.

ಅಣ್ಣನಿಗೆ 61 ವರ್ಷ. ಒಂದು ಮೊಣಕಾಲು ನೋವು. ಅತ್ತಿಗೆಗೆ 54, ತೋಟದ ಮೂಲೆ ಮೂಲೆ ಅವರಿಗೆ ಗೊತ್ತು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಮೆಷಿನ್‌ಗೆ ದುಡ್ಡು ಕೊಡುವವನು ಅವನು. ಹಾಗಾಗಿ ಮೊದಲ ಮಾತು ಅವನದೇ ಆಗಿತ್ತು.

ಕೆಲಸಕ್ಕೆ ಮೊದಲೆಲ್ಲ ಎಂಟು ಜನ ಬರುತ್ತಿದ್ದರು. ಕತ್ತಿ ಹಿಡಿದು ಸಾಲಾಗಿ ಹೊರಟರೆ ಒಂದು ಸುತ್ತು ಕಳೆ ಮುಗಿಸಲು ಸುಮಾರು 55 ಆಳು ಬೀಳುತ್ತಿತ್ತು (ಒಬ್ಬರ ಒಂದು ದಿನದ ಕೆಲಸ ಒಂದು ಆಳು). ವರ್ಷಕ್ಕೆ ಮೂರು ಸುತ್ತು. ಮಳೆ ಹಿಡಿಯುವ ಮೊದಲು ಒಂದು, ಆಗಸ್ಟ್ ಹೊತ್ತಿಗೆ ಒಂದು, ಕೊಯ್ಲಿಗೆ ಮುಂಚೆ ಒಂದು. ನಂತರ ಜನ ಕಮ್ಮಿಯಾದರು. ಈಗ ಕಾಯಂ ಬರುವವರು ಮೂರೇ ಜನ. ಇಬ್ಬರು ಹೆಂಗಸರು, ಒಬ್ಬ 40 ದಾಟಿದ ಗಂಡಾಳು. ಈ ಮೂವರು ಈ ಕಥೆಯಲ್ಲಿ ಮುಖ್ಯ.

ತೊಂದರೆ ಶುರುವಾದ ವರ್ಷ

ಒಂದು ವರ್ಷ ಆಗಸ್ಟ್ ಸುತ್ತು ಆಗಲೇ ಇಲ್ಲ. ಜನ ಸಿಗಲಿಲ್ಲ, ಮಳೆಯೂ ಬಿಡಲಿಲ್ಲ. ಅಡಿಕೆಗೆ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆಯಲು ಬಂದವರು ಪೈಪ್ ಎಳೆಯಲಾರದೆ ಒದ್ದಾಡಿದರು. ಕಾಫಿಯೊಳಗೆ ಕಮ್ಯುನಿಸ್ಟ್ ಗಿಡ ಎಂಬ ಕಳೆ ಎದೆ ಮಟ್ಟ ಬಂತು. ಕೊಯ್ಲಿನ ಹೊತ್ತಿಗೆ ಮರದಿಂದ ಬಿದ್ದ ಗೋಟಡಿಕೆ ಹುಲ್ಲಿನೊಳಗೆ ಸೇರಿ ಕಾಣಲಿಲ್ಲ. ಹೆಕ್ಕಲು ಹೋದ ಹೆಂಗಸರಿಗೆ ಕೊಳಕುಮಂಡಲ ಹಾವು ಕಂಡಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮಾರನೇ ದಿನ ಇಬ್ಬರೂ ಆ ಕಡೆ ಕಾಲಿಡಲಿಲ್ಲ. ತಪ್ಪೇನಿಲ್ಲ ಅಲ್ವಾ? ನಾವಾದರೂ ಹೋಗುತ್ತಿದ್ದೆವಾ?

ಆ ಸಂಕ್ರಾಂತಿಗೆ ಮಗ ಬಂದಾಗ ಜಗಲಿಯಲ್ಲಿ ಕೂತು ಮಾತಾಯಿತು. ಅವನ ಪ್ರಶ್ನೆ ಹೀಗಿತ್ತು: "ಅಪ್ಪಾ, 14 ಎಕರೆಗೆ ಯಾವ ಮೆಷಿನ್ ಬೇಕು?"

ಕೇಳಲು ಸರಿಯಾಗಿಯೇ ಇದೆ. ಮುಂದಿನ ಎರಡು ವರ್ಷದ ತಪ್ಪುಗಳೆಲ್ಲ ಈ ಪ್ರಶ್ನೆಯಿಂದಲೇ ಬಂದವು ಎಂದು ಈಗ ನನಗೆ ಅನಿಸುತ್ತದೆ. ಎಕರೆ ಲೆಕ್ಕದಲ್ಲಿ ಹುಡುಕಿದರೆ ದೊಡ್ಡ ಮೆಷಿನ್ ಕಡೆಗೇ ಮನಸ್ಸು ಹೋಗುತ್ತದೆ.

ಕೂತು ಓಡಿಸುವ ಮೆಷಿನ್, ಮತ್ತು ಒಂದು ಪಕಾಸು

ಮಗನ ಮನಸ್ಸಿನಲ್ಲಿ ಇದ್ದದ್ದು ಕೂತು ಓಡಿಸುವ ಮೋವರ್. ಹೊರದೇಶದ ದೊಡ್ಡ ಮನೆಗಳ ಸುತ್ತ ಹುಲ್ಲು ಕತ್ತರಿಸುತ್ತದಲ್ಲ, ಅದು. ಅಪ್ಪನಿಗೆ ಕಾಲು ನೋವು, ಕೂತೇ ಕೆಲಸ ಆಗಲಿ ಎಂಬುದು ಅವನ ಆಸೆ. ಪ್ರೀತಿಯಿಂದ ಬಂದ ಯೋಚನೆ ಅದು, ತಳ್ಳಿಹಾಕಲು ಯಾರಿಗೂ ಮನಸ್ಸಿರಲಿಲ್ಲ.

ಇಂಥ ಮೆಷಿನ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಒಂದು ಎಚ್ಚರಿಕೆ ಇರುತ್ತದೆ. 15 ಡಿಗ್ರಿಗಿಂತ ಜಾಸ್ತಿ ಇಳಿಜಾರಿನಲ್ಲಿ ಓಡಿಸಬೇಡಿ ಎಂದು. ಆದರೆ ನಮ್ಮ ಗುಡ್ಡ ಎಷ್ಟು ಡಿಗ್ರಿ ಎಂದು ಯಾರಿಗೆ ಗೊತ್ತಿತ್ತು? ಕಣ್ಣಳತೆಯಲ್ಲಿ "ಅಷ್ಟೇನಿಲ್ಲ" ಎಂದು ಮಗ, "ಜಾಸ್ತಿಯೇ ಇದೆ" ಎಂದು ಅಣ್ಣ.

ಅದನ್ನು ಬಗೆಹರಿಸಿದ್ದು ಕೊಟ್ಟಿಗೆಯಲ್ಲಿದ್ದ 10 ಅಡಿಯ ಒಂದು ಪಕಾಸು (ಮಾಡಿಗೆ ಹಾಕುವ ಉದ್ದದ ಮರ) ಮತ್ತು ಗಾರೆ ಕೆಲಸದವರ ರಸಮಟ್ಟ. ಪಕಾಸಿನ ಒಂದು ತುದಿಯನ್ನು ಇಳಿಜಾರಿನ ಮೇಲ್ಬದಿಯ ನೆಲಕ್ಕೆ ಊರಿ, ರಸಮಟ್ಟ ಇಟ್ಟು ಮಟ್ಟಸ ಹಿಡಿದೆವು. ಇನ್ನೊಂದು ತುದಿಯಿಂದ ನೆಲಕ್ಕೆ ನೇರವಾಗಿ ಎಷ್ಟು ಅಡಿ ಎಂದು ಟೇಪ್ ಬಿಟ್ಟು ನೋಡಿದೆವು. 10 ಅಡಿಗೆ 2 ಅಡಿ 8 ಇಂಚು ಇಳಿದರೆ ಅದು 15 ಡಿಗ್ರಿ. ಅಷ್ಟೇ ಲೆಕ್ಕ. ಹಕ್ಕಲಿನಲ್ಲಿ ಒಂದೂಕಾಲು ಅಡಿ ಬಂತು, ಅಂದರೆ 7 ಡಿಗ್ರಿ ಆಸುಪಾಸು. ಕಾಫಿಯಲ್ಲಿ ಹೆಚ್ಚಿನ ಕಡೆ ನಾಲ್ಕೂವರೆ ಅಡಿ, 24 ಡಿಗ್ರಿ. ಬೇಣದ ಮೇಲ್ಭಾಗದಲ್ಲಿ 6 ಅಡಿ ದಾಟಿತು, 31 ಡಿಗ್ರಿ. ದರೆಯನ್ನು ಅಳೆಯುವ ಪ್ರಶ್ನೆಯೇ ಇಲ್ಲ.

ಅರ್ಧ ದಿನದ ಕೆಲಸ ಇದು. ಲಕ್ಷಗಟ್ಟಲೆ ದುಡ್ಡು ಉಳಿಸಿತು. ಮಗ ತಾನೇ ಟೇಪ್ ಹಿಡಿದಿದ್ದರಿಂದ ಮತ್ತೆ ವಾದ ಬರಲಿಲ್ಲ. ಅವನು ಆ ಲೆಕ್ಕವನ್ನು ಅಮ್ಮನ ಡೈರಿಯಲ್ಲಿ ಬರೆದಿಟ್ಟ. ಈಗಲೂ ಇದೆ.

ತಳ್ಳಿಕೊಂಡು ಹೋಗುವ ಚಕ್ರದ ಮೋವರ್ ಬಗ್ಗೆಯೂ ಅದೇ ದಿನ ಮಾತು ಮುಗಿಯಿತು. ಅಡಿಕೆ ತೋಟದಲ್ಲಿ ಪ್ರತಿ ಎರಡು ಸಾಲಿಗೆ ಒಂದು ಬಸಿಗಾಲುವೆ ಇದೆ, ಎರಡಡಿ ಆಳ. ಚಕ್ರ ದಾಟುವುದಿಲ್ಲ. ಕಾಫಿಯ ಇಳಿಜಾರಿನಲ್ಲಿ ಇನ್ನೊಂದು ತೊಡಕು. ಇಂಥ ಮೋವರ್‌ಗಳ ಫೋರ್ ಸ್ಟ್ರೋಕ್ ಎಂಜಿನ್ ತುಂಬಾ ಓರೆಯಾಗಿ ಓಡಿದರೆ ಒಳಗಿನ ಎಣ್ಣೆ ಒಂದು ಬದಿಗೆ ಸರಿಯುತ್ತದೆ, ಬೇಕಾದ ಕಡೆ ಸಿಗುವುದಿಲ್ಲ, ಎಂಜಿನ್ ತಿಂದುಹೋಗುತ್ತದೆ.

ಮಿನಿ ಟ್ರ್ಯಾಕ್ಟರ್ ಬಂದ ದಿನ

ಆದರೂ ದೊಡ್ಡ ಮೆಷಿನ್ ಆಸೆ ಪೂರ್ತಿ ಹೋಗಿರಲಿಲ್ಲ. ಕಡಿಮೆ ಅಗಲದ ಫೋರ್ ವೀಲ್ ಮಿನಿ ಟ್ರ್ಯಾಕ್ಟರ್, ಹಿಂದೆ ಹುಲ್ಲು ಕತ್ತರಿಸುವ ಸ್ಲ್ಯಾಷರ್. ಕೊಳ್ಳುವುದಾದರೆ ಎರಡೂ ಸೇರಿ ಐದು ಲಕ್ಷದ ಮೇಲೆ. ಕೊಳ್ಳುವ ಮೊದಲು ಬಾಡಿಗೆಗೆ ತಂದು ನೋಡೋಣ ಎಂದು ಅಣ್ಣ ಹಟ ಹಿಡಿದರು. ಇದು ಒಳ್ಳೆಯ ನಿರ್ಧಾರವಾಗಿತ್ತು.

ಹಕ್ಕಲಿನಲ್ಲಿ ಟ್ರ್ಯಾಕ್ಟರ್ ಚೆನ್ನಾಗಿಯೇ ಕೆಲಸ ಮಾಡಿತು. ಒಂದೂವರೆ ಎಕರೆ ಎರಡು ಗಂಟೆಯೊಳಗೆ ಮುಗಿಯಿತು. ಎಲ್ಲರ ಮುಖದಲ್ಲಿ ಸಂತೋಷ. ನಂತರ ಬೇಣದ ಬುಡಕ್ಕೆ ಬಂತು. ಹಿಂದಿನ ರಾತ್ರಿ ಒಂದು ಮಳೆ ಬಿದ್ದಿತ್ತು. ಕೆಳಗಿನ ಅರ್ಧ ಹತ್ತಿತು. ಮಧ್ಯದಲ್ಲಿ ಹಿಂದಿನ ಚಕ್ರ ಒಂದು ಮೊಳದಷ್ಟು ಪಕ್ಕಕ್ಕೆ ಜಾರಿತು. ಕತ್ತರಿಸಿದ ಹಸಿ ಹುಲ್ಲಿನ ಮೇಲೆ ಟಯರ್‌ಗೆ ಹಿಡಿತವೇ ಇರಲಿಲ್ಲ. ಡ್ರೈವರ್ ಸ್ಲ್ಯಾಷರ್ ನಿಲ್ಲಿಸಿ, ನಿಧಾನಕ್ಕೆ ಹಿಂದಕ್ಕೇ ಇಳಿಸಿದ. ತಿರುಗಿಸಲು ಹೋಗಲಿಲ್ಲ. ಕೆಳಗೆ ಬಂದು ಎಂಜಿನ್ ಬಂದ್ ಮಾಡಿ ಹೇಳಿದ: "ಅಣ್ಣಾ, ಹತ್ತೋಕೆ ಹತ್ತುತ್ತೆ. ಇಳಿಯೋದು ನನ್ನ ಕೈಲಿ ಇರಲ್ಲ."

ಅಣ್ಣ ಅವನಿಗೆ ಪೂರ್ತಿ ದಿನದ ಬಾಡಿಗೆ ಕೊಟ್ಟು ಕಳಿಸಿದರು. ಆಗಲ್ಲ ಎಂದು ಹೇಳುವ ಡ್ರೈವರ್ ಸಿಕ್ಕಿದ್ದು ಅವರ ಪುಣ್ಯ. ಗುಡ್ಡದಲ್ಲಿ ಟ್ರ್ಯಾಕ್ಟರ್ ಪಲ್ಟಿಯಾದರೆ ಕೆಳಗೆ ಸಿಕ್ಕುವುದು ಕೂತವನೇ. "ಇನ್ನೊಂದು ಸಲ ನೋಡು, ಹತ್ತುತ್ತೆ" ಎಂದು ಮಾಲೀಕ ಹೇಳಿಬಿಟ್ಟರೆ ಬಾಡಿಗೆಗೆ ಬಂದವನು ಎಷ್ಟು ಹೊತ್ತು ಬೇಡ ಎನ್ನಲು ಸಾಧ್ಯ? ಆ ಮಾತನ್ನು ಅಣ್ಣ ಆಡಲಿಲ್ಲ. ಆ ದಿನದ ದೊಡ್ಡ ತೀರ್ಮಾನ ಅದೇ ಎಂದು ನನ್ನ ಎಣಿಕೆ.

ಪವರ್ ವೀಡರ್ ಬೇಡ ಎಂದದ್ದು ಅತ್ತಿಗೆ

ಇದರ ಮಧ್ಯೆ ಪವರ್ ವೀಡರ್ ಮಾತೂ ಬಂತು. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದರೆ ಸಹಾಯಧನ ಇತ್ತು. ರಾಜ್ಯದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರ ತನಕ ಸಿಗುತ್ತದೆ. ಅರ್ಧ ಬೆಲೆಗೆ ಬರುತ್ತದೆ ಎಂದಾಗ ಯಾರಿಗಾದರೂ ಮನಸ್ಸು ಎಳೆಯುತ್ತದೆ.

ಅತ್ತಿಗೆ ಒಂದೇ ಮಾತು ಕೇಳಿದರು. "ಅದು ಹುಲ್ಲು ಕತ್ತರಿಸುತ್ತಾ, ಮಣ್ಣು ಕೆದಕುತ್ತಾ?" ಕೆದಕುತ್ತದೆ. ಪವರ್ ವೀಡರ್‌ನ ಕೆಲಸವೇ ಅದು. ಬಯಲುಸೀಮೆಯ ಸಾಲು ಬೆಳೆಗೆ ತುಂಬಾ ಒಳ್ಳೆಯದು. "ಹಾಗಾದರೆ ಮೊದಲ ಮಳೆಗೆ ನಮ್ಮ ಮೇಲ್ಮಣ್ಣು ಹೊಳೆಗೆ ಹೋಗುತ್ತೆ. ಅಡಿಕೆ ಬೇರೂ ಮೇಲೇ ಇರುತ್ತೆ. ನಮಗೆ ಕಳೆ ಸಾಯಬೇಕಿಲ್ಲ, ಗಿಡ್ಡ ಆದರೆ ಸಾಕು."

ಅತ್ತಿಗೆಯ ಈ ಮಾತು ಇಡೀ ಹುಡುಕಾಟದ ದಿಕ್ಕು ತಿರುಗಿಸಿತು. ಅಲ್ಲಿಯ ತನಕ ಎಲ್ಲರ ತಲೆಯಲ್ಲಿ ಇದ್ದದ್ದು ತೋಟ ಬಳಿದಿಟ್ಟ ಹಾಗೆ ಕಾಣಬೇಕು ಎಂಬುದು. ಇಳಿಜಾರಿನಲ್ಲಿ ಹುಲ್ಲಿನ ಬೇರೇ ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇರು ಉಳಿಸಿ ತಲೆ ಮಾತ್ರ ಕತ್ತರಿಸಬೇಕು. ಕತ್ತರಿಸಿದ್ದು ಅಲ್ಲೇ ಬಿದ್ದು ಕೊಳೆತರೆ ಗೊಬ್ಬರ. ಕಳೆನಾಶಕ ಹೊಡೆಯುವ ಮಾತನ್ನೂ ಅತ್ತಿಗೆ ಇದೇ ಕಾರಣಕ್ಕೆ ಒಪ್ಪಲಿಲ್ಲ. ಸಹಾಯಧನ ಇದೆ ಎಂಬುದು ಮೆಷಿನ್ ಕೊಳ್ಳಲು ಕಾರಣವಾಗಬಾರದು. ಬೇಕಾದ ಮೆಷಿನ್ ಯಾವುದೆಂದು ತೀರ್ಮಾನಿಸಿದ ಮೇಲೆ ಅದಕ್ಕೆ ಸಹಾಯಧನ ಇದೆಯಾ ಎಂದು ಕೇಳಬೇಕು. ನಾನು ಇದನ್ನು ಅವರ ಮನೆಯಲ್ಲೇ ಕಲಿತೆ.

ಮೊದಲು ಕೊಂಡ ಮೆಷಿನ್

ಉಳಿದದ್ದು ಕೈಯಲ್ಲಿ ಹಿಡಿದು ಹೊಡೆಯುವ ಬ್ರಷ್ ಕಟರ್. ನಮ್ಮ ಕಡೆ ಸುಮ್ನೆ ವೀಡ್ ಕಟರ್ ಎನ್ನುತ್ತಾರೆ. ಇಲ್ಲಿ ಎರಡನೇ ಎಡವಟ್ಟಾಯಿತು. ಎಲ್ಲಕ್ಕೂ ಆಗುವಂಥ ಒಂದು ದೊಡ್ಡ ಮೆಷಿನ್ ಸಾಕು ಎಂದು 52 ಸಿಸಿ ಟೂ ಸ್ಟ್ರೋಕ್ ಕೊಂಡರು. ಬೆಲೆ ಕಮ್ಮಿ, ಶಕ್ತಿ ಜಾಸ್ತಿ. ಅಂಗಡಿ ಮುಂದಿನ ಹುಲ್ಲಿನ ಮೇಲೆ ಐದು ನಿಮಿಷ ಓಡಿಸಿ ತೋರಿಸಿದರು. ಗಂಡಾಳನ್ನು ಕರೆದುಕೊಂಡು ಹೋಗಿರಲಿಲ್ಲ. ಮೆಷಿನ್ ಹೊರುವವನು ಅವನು, ನೋಡಿ ಆರಿಸಿದವರು ಬೇರೆ.

ಮೊದಲ ವಾರದಲ್ಲೇ ಅವನ ಬೆರಳು ಜೋಮು ಹಿಡಿಯತೊಡಗಿತು. ಅಷ್ಟು ಅದುರು. ಸಂಜೆ ಊಟದ ತಟ್ಟೆ ಹಿಡಿದರೂ ಕೈ ನಡುಗುತ್ತದೆ ಎಂದ. ಭಾರ ಒಂದೇ ಭುಜದ ಮೇಲೆ, ಅದೂ 24 ಡಿಗ್ರಿ ಇಳಿಜಾರಿನಲ್ಲಿ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ನಿಂತು. ಎರಡು ಗಂಟೆಗೆ ಅವನು ಸುಸ್ತಾಗುತ್ತಿದ್ದ. ಮೆಷಿನ್‌ಗೆ ಇನ್ನೂ ಓಡುವ ಶಕ್ತಿ ಇತ್ತು, ಹೊತ್ತವನಿಗೆ ಇರಲಿಲ್ಲ.

ಆಗ ಬ್ಲೇಡ್ ಬದಲು ನೈಲಾನ್ ದಾರ ಹಾಕಿದರು, ಹಗುರ ಆಗುತ್ತದೆ ಎಂದು. ಅಡಿಕೆ ತೋಟದ ಕಳೆ ಚೆನ್ನಾಗಿ ಹಾರಿತು. ಹದಿನೈದು ದಿನ ಕಳೆದ ಮೇಲೆ ಅತ್ತಿಗೆಗೆ ಬಾಡಿದ ಮೆಣಸಿನ ಬಳ್ಳಿಗಳು ಕಂಡವು. ನೈಲಾನ್ ದಾರ ಬುಡಕ್ಕೆ ಬಡಿದು ಎಳೆ ಬಳ್ಳಿಯ ಸಿಪ್ಪೆ ಸುತ್ತಲೂ ಸುಲಿದಿತ್ತು. ಕತ್ತರಿಸಿ ಬಿದ್ದಿದ್ದರೆ ಅಂದೇ ಗೊತ್ತಾಗುತ್ತಿತ್ತು. ಸಿಪ್ಪೆ ಹೋದದ್ದು ಯಾರಿಗೂ ಕಾಣಲಿಲ್ಲ. ಲೆಕ್ಕ ಹಾಕಿದರೆ 23 ಬಳ್ಳಿ. ಮೂರು ವರ್ಷ ಸಾಕಿದ ಬಳ್ಳಿಗಳು, ಆ ವರ್ಷ ಮೊದಲ ಕಾಳು ಬಿಡಬೇಕಿದ್ದವು. ಅತ್ತಿಗೆ ಆ ದಿನ ಡೈರಿಯಲ್ಲಿ ಸಂಖ್ಯೆ ಬಿಟ್ಟು ಬೇರೇನೂ ಬರೆದಿಲ್ಲ.

ದರೆಯನ್ನೂ ಅದೇ ದಾರದಿಂದ ಮಣ್ಣು ಕಾಣುವ ತನಕ ಹೆರೆದರು. ನೋಡಲು ಚೆಂದ ಇತ್ತು. ಜುಲೈಯಲ್ಲಿ ಮನೆ ಹಿಂದಿನ ದರೆಯಿಂದ ಒಂದು ಗಾಡಿಯಷ್ಟು ಮಣ್ಣು ದಾರಿಗೆ ಜಾರಿತು. ಆ ವಾರ ಮಳೆಯೂ ಜೋರಿತ್ತು, ಹುಲ್ಲು ಹೆರೆದದ್ದೇ ಕಾರಣ ಎಂದು ಖಚಿತವಾಗಿ ಹೇಳಲಾರೆ. ಆದರೆ ಹೆರೆಯದೆ ಬಿಟ್ಟಿದ್ದ ಪಕ್ಕದ ದರೆ ಹಾಗೇ ನಿಂತಿತ್ತು.

ಆಗಸ್ಟ್ ಸುತ್ತಿನ ಮಧ್ಯೆ ಮೆಷಿನ್ ನಿಂತುಹೋಯಿತು. ಟೂ ಸ್ಟ್ರೋಕ್‌ಗೆ ಪೆಟ್ರೋಲ್ ಜೊತೆ ಎಣ್ಣೆ ಬೆರೆಸಲೇಬೇಕು. ಇವರ ಮೆಷಿನ್‌ಗೆ ಲೀಟರಿಗೆ 40 ಮಿಲಿ. ಒಂದು ದಿನ ಅವಸರದಲ್ಲಿ ಬೈಕ್‌ಗೆ ತಂದಿಟ್ಟ ಬರೀ ಪೆಟ್ರೋಲ್ ಹಾಕಿದರು. ಅರ್ಧ ಗಂಟೆಯಲ್ಲಿ ಎಂಜಿನ್ ಹಿಡಿದುಕೊಂಡಿತು. ಇಲ್ಲಿ ಮೆಷಿನ್ ಮಾಡಿದವರ ತಪ್ಪಿಲ್ಲ. ಒಂದೇ ಥರದ ಎರಡು ಕ್ಯಾನ್‌ಗಳನ್ನು ಪಕ್ಕಪಕ್ಕ ಇಟ್ಟಿದ್ದರು, ಬೆಳಿಗ್ಗೆ ಏಳು ಗಂಟೆ, ಮಳೆ ಬರುವ ಮೊದಲು ಮುಗಿಸುವ ಅವಸರ. ಯಾರ ಕೈಯಿಂದಲೂ ಆಗುವಂಥದ್ದು. ಗಂಡಾಳು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಅಣ್ಣ ಅವನನ್ನು ಒಂದು ಮಾತೂ ಅನ್ನಲಿಲ್ಲ. ಆರಿಸುವಾಗ ಕೇಳದೆ ಇದ್ದದ್ದಕ್ಕೆ ಅವನ ಹತ್ತಿರ ಹೋಗಿ "ನಾವು ನಿನ್ನನ್ನ ಕರ್ಕೊಂಡು ಹೋಗ್ಬೇಕಿತ್ತು" ಎಂದರು.

ಎರಡನೇ ಸಲ ಆರಿಸಿದ್ದು

ಮುಂದಿನ ವರ್ಷ ಮೇ ತಿಂಗಳಲ್ಲಿ ಅವರು ಮಾಡಿದ ಕ್ರಮ ನನಗೆ ಬಹಳ ಇಷ್ಟವಾಯಿತು. ಮೊದಲು ತೋಟ ಸುತ್ತಿದರು. ಅಣ್ಣ, ಅತ್ತಿಗೆ, ಮಗ, ಗಂಡಾಳು, ಇಬ್ಬರು ಹೆಂಗಸರು, ಜೊತೆಗೆ ನಾನು. ಹಳೆಯ ಅಳತೆ ಕೈಯಲ್ಲಿತ್ತು. ಜಮೀನನ್ನು ನಾಲ್ಕು ಭಾಗ ಮಾಡಿ, ಪ್ರತಿಯೊಂದರಲ್ಲೂ ನಿಂತು "ಇಲ್ಲಿ ಏನು ಮಾಡ್ಬೇಕು" ಎಂದು ಕೇಳಿಕೊಂಡರು.

ಹಕ್ಕಲಿಗೆ ಸ್ವಂತ ಮೆಷಿನ್ ಬೇಡ, ವರ್ಷಕ್ಕೆ ಮೂರು ಸಲ ಎರಡೆರಡು ಗಂಟೆ ಟ್ರ್ಯಾಕ್ಟರ್ ಸ್ಲ್ಯಾಷರ್ ಬಾಡಿಗೆಗೆ ತಂದರೆ ಮುಗಿಯಿತು. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರಗಳು ಇರುವುದೇ ಇದಕ್ಕೆ.

ಅಡಿಕೆ ಮತ್ತು ಕಾಫಿಗೆ ಪಕ್ಕಕ್ಕೆ ತೂಗಿಹಾಕುವ 35 ಸಿಸಿ ಫೋರ್ ಸ್ಟ್ರೋಕ್ ಬ್ರಷ್ ಕಟರ್. ಕೈಯಲ್ಲಿ ಹಿಡಿಯುವ ಮೆಷಿನ್‌ಗಾಗಿಯೇ ಮಾಡಿದ ಈ ಚಿಕ್ಕ ಎಂಜಿನ್‌ಗಳು ಓರೆಯಾದರೂ ಎಣ್ಣೆ ತಪ್ಪದ ಹಾಗೆ ಇರುತ್ತವೆ. ಪೆಟ್ರೋಲ್‌ಗೆ ಎಣ್ಣೆ ಬೆರೆಸುವ ತಲೆನೋವಿಲ್ಲ. ಆದರೆ ಎಂಜಿನ್ ಒಳಗೆ ಹಿಡಿಯುವ ಎಣ್ಣೆ ಬರೀ 100 ಮಿಲಿಯಷ್ಟು. ದಿನಾ ಬೆಳಿಗ್ಗೆ ನೋಡಲೇಬೇಕು.

ಬೇಣ ಮತ್ತು ದರೆಯ ವಿಷಯದಲ್ಲಿ ಅಂಗಡಿಯವರೊಂದಿಗೆ ಅಣ್ಣ ಒಂದು ಮಾತು ಕಟ್ಟಿಕೊಂಡರು. ಬೆನ್ನಿಗೆ ಹಾಕುವ ಮೆಷಿನ್, ಪಕ್ಕದ ಮೆಷಿನ್ ಎರಡನ್ನೂ ನಮ್ಮ ತೋಟಕ್ಕೆ ತರಬೇಕು, ಮಳೆ ಬಿದ್ದ ಮಾರನೇ ದಿನ ತರಬೇಕು, ಒಂದೊಂದು ಟ್ಯಾಂಕ್ ಪೆಟ್ರೋಲ್ ಮುಗಿಯುವ ತನಕ ನಮ್ಮ ಗಂಡಾಳೇ ಹೊಡೆಯಬೇಕು. ಒಂದು ಅಂಗಡಿಯವರು ಆಗಲ್ಲ ಎಂದರು. ಇನ್ನೊಬ್ಬರು ಬಂದರು.

ಬೆನ್ನಿನ ಮೆಷಿನ್ ತೂಗಿದರೆ ಪಕ್ಕದ್ದಕ್ಕಿಂತ 3 ಕಿಲೋ ಜಾಸ್ತಿಯೇ ಇತ್ತು. ನಮಗೆಲ್ಲ ಇದು ಆಗಲಿಕ್ಕಿಲ್ಲ ಅನಿಸಿತ್ತು. ಗಂಡಾಳು ದರೆಯ ಕೆಳಗೆ ದಾರಿಯಲ್ಲಿ ನಿಂತು ಕೊಳವೆಯನ್ನು ಮೇಲಕ್ಕೆ ಚಾಚಿ ಹೊಡೆದ. ಒಂದು ಗಂಟೆ ಆದ ಮೇಲೆ ಇಳಿಸಿ ಹೇಳಿದ: "ಭಾರ ಎರಡೂ ಭುಜಕ್ಕೆ ಹಂಚಿ ಹೋಗುತ್ತೆ. ಕೈ ಖಾಲಿ ಇದ್ದಂಗೆ ಇದೆ. ದರೆಗೆ ಇದೇ ಬೇಕು." ನಂತರ ಅದನ್ನೇ ಹೊತ್ತು ಕಾಫಿಯೊಳಗೆ ನುಗ್ಗಿದ. ಹತ್ತು ನಿಮಿಷದಲ್ಲಿ ವಾಪಸ್. ಬೆನ್ನಿನ ಎಂಜಿನ್ ಕಾಫಿ ಗಿಡದ ರೆಕ್ಕೆಗೆ (ಅಡ್ಡ ಕೊಂಬೆಗೆ) ಸಿಕ್ಕಿಕೊಳ್ಳುತ್ತಿತ್ತು, ಬಗ್ಗಿದರೆ ಭಾರ ಮುಂದಕ್ಕೆ ದೂಡುತ್ತಿತ್ತು. "ಇಲ್ಲಿಗೆ ಆ ಚಿಕ್ಕದು." ಅಲ್ಲಿಗೆ ಯಾವ ಮೆಷಿನ್ ಎಲ್ಲಿಗೆ ಎಂಬುದು ತೀರ್ಮಾನವಾಯಿತು. ಚಿಕ್ಕದಕ್ಕೆ ಸೈಕಲ್ ಹ್ಯಾಂಡಲ್ ಥರದ್ದು ಬೇಡ, ಬಳೆಯ ಹಾಗಿರುವ ಸಣ್ಣ ಹಿಡಿಕೆ ಹಾಕಿಸಿ ಎಂದೂ ಅವನೇ ಹೇಳಿದ. ಗಿಡಗಳ ಸಂದಿಯಲ್ಲಿ ಅಗಲ ಹ್ಯಾಂಡಲ್ ತಿರುಗುವುದಿಲ್ಲ.

ಎರಡೂ ಕೊಂಡರು. ಎರಡಕ್ಕೂ ಒಂದೇ ಎಂಜಿನ್ ಬರುವ ಹಾಗೆ ಅಣ್ಣ ನೋಡಿಕೊಂಡರು. ಪ್ಲಗ್, ಏರ್ ಫಿಲ್ಟರ್, ಸ್ಟಾರ್ಟರ್ ಹಗ್ಗ ಎಲ್ಲ ಒಂದೇ. ಸ್ವಲ್ಪ ಕಮ್ಮಿ ಬೆಲೆಗೆ ಬೇರೆ ಕಡೆ ಸಿಗುತ್ತಿತ್ತು. ಆದರೆ ಅಲ್ಲಿಗೆ 40 ಕಿಲೋಮೀಟರ್. ಮಳೆಗಾಲದಲ್ಲಿ ಎರಡು ದಿನ ಬಿಸಿಲು ಬಂದಾಗಲೇ ಮೆಷಿನ್ ಕೈಕೊಟ್ಟರೆ ರಿಪೇರಿಯವನು ಹತ್ತಿರ ಇರಬೇಕು. 9 ಕಿಲೋಮೀಟರ್ ದೂರದ ಅಂಗಡಿಯಲ್ಲೇ ಕೊಂಡರು.

ಹೆಂಗಸರ ಕೆಲಸ

ಮೆಷಿನ್ ಬಂತೆಂದರೆ ಕತ್ತಿ ಹಿಡಿಯುತ್ತಿದ್ದವರ ಕೂಲಿ ಹೋಗುತ್ತದೆ. ಇದನ್ನು ಬಹಳ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ತೋಟ ಸುತ್ತಿದ ದಿನ ಇಬ್ಬರಲ್ಲಿ ಹಿರಿಯಾಕೆ ಅತ್ತಿಗೆಯನ್ನು ನೇರವಾಗಿ ಕೇಳಿದರು: "ಹಂಗಾದ್ರೆ ನಾವು ಬರೋದು ಬೇಡವಾ ಅಮ್ಮಾ?"

ಅತ್ತಿಗೆ ಅಲ್ಲೇ ಒಂದು ಬಳ್ಳಿಯ ಬುಡ ತೋರಿಸಿದರು. ಮೆಷಿನ್ ಹೋಗುವ ಮುಂಚಿನ ದಿನ ಪ್ರತಿ ಬಳ್ಳಿ, ಪ್ರತಿ ಎಳೆ ಕಾಫಿ ಗಿಡದ ಸುತ್ತ ಒಂದೂವರೆ ಅಡಿ ಕೈಯಲ್ಲೇ ಬಿಡಿಸಬೇಕು. ಎಳೆ ಬಳ್ಳಿಗೆ ಕೆಂಪು ಬಟ್ಟೆಯ ಚೂರು ಕಟ್ಟಬೇಕು. ನೀರಿನ ಸಣ್ಣ ಪೈಪುಗಳನ್ನು ಎತ್ತಿ ಮರಕ್ಕೆ ಸಿಕ್ಕಿಸಬೇಕು. ಕೋಲಿನಿಂದ ಪೊದೆ ಬಡಿದು ಕಣಜದ ಗೂಡು, ಹಾವು ಇದೆಯಾ ನೋಡಬೇಕು. ಮೆಷಿನ್ ಸದ್ದಿನಲ್ಲಿ ಕಣಜ ಎದ್ದದ್ದು ಹೊಡೆಯುವವನಿಗೆ ಕೇಳುವುದಿಲ್ಲ, ಕಚ್ಚಿದ ಮೇಲೆಯೇ ಗೊತ್ತಾಗುವುದು. ಈ ಕೆಲಸಕ್ಕೆ ಒಂದು ಸುತ್ತಿಗೆ 14 ಆಳು ಬೀಳುತ್ತದೆ. ಅಡಿಕೆಯಲ್ಲಿ 8, ಕಾಫಿಯಲ್ಲಿ 6. ಇಬ್ಬರಿಗೂ ಏಳೇಳು ದಿನ. ಮೊದಲಿನಷ್ಟಿಲ್ಲ, ಅದನ್ನು ಮುಚ್ಚಿಡಲು ಬರುವುದಿಲ್ಲ. ಉಳಿದ ದಿನಗಳಿಗೆ ಮೆಣಸು ಕಟ್ಟುವ, ಕಾಫಿ ಚಿಗುರು ತೆಗೆಯುವ ಕೆಲಸ ಹೊಂದಿಸಿದ್ದಾರೆ.

ಏನಾಯಿತು

ಮೂರನೇ ಮಳೆಗಾಲದ ಆಗಸ್ಟ್ ಸುತ್ತಿನ ಲೆಕ್ಕ ಹೀಗಿದೆ. ಅಡಿಕೆಗೆ ಮೆಷಿನ್ 7 ದಿನ, ಕಾಫಿಗೆ 10, ಬೇಣ ಮತ್ತು ದರೆಗೆ 4. ಒಟ್ಟು 21 ಮೆಷಿನ್ ಆಳು. ಕೈಕೆಲಸದ 14 ಸೇರಿಸಿದರೆ 35. ಮೊದಲು 55 ಇತ್ತು. ಮೆಷಿನ್ ತಂದರೆ ಕೂಲಿ ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಗುಡ್ಡದ ತೋಟದಲ್ಲಿ ಹಾಗಾಗಲಿಲ್ಲ. ನಿಜವಾದ ಲಾಭ ದಿನಗಳಲ್ಲಿ ಸಿಕ್ಕಿತು. ಊರಿನ ಇನ್ನೊಬ್ಬ ಹುಡುಗ ಎರಡನೇ ಮೆಷಿನ್ ಹಿಡಿದದ್ದರಿಂದ ತಿಂಗಳು ದಾಟುತ್ತಿದ್ದ ಸುತ್ತು 11 ದಿನಕ್ಕೆ ಮುಗಿಯಿತು. ಮಳೆ ಬಿಡುವು ಕೊಟ್ಟಾಗ ಹೊಡೆದು ಮುಗಿಸಲು ಸಾಧ್ಯವಾಯಿತು. ಬಳ್ಳಿ ಹೋದದ್ದು ಎರಡು.

ಬ್ಲೇಡ್ ವಿಷಯದಲ್ಲಿ ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದಾರೆ. ನೈಲಾನ್ ದಾರ ಅಂಗಳದ ಅಂಚಿಗೆ, ಕಲ್ಲು ಕಟ್ಟೆಯ ಪಕ್ಕಕ್ಕೆ ಮಾತ್ರ. ಅಡಿಕೆಯಲ್ಲೂ ಬೇಣದಲ್ಲೂ ಮೂರು ಹಲ್ಲಿನ ಬ್ಲೇಡ್. ಕಾಫಿಯಲ್ಲಿ ಗಟ್ಟಿ ಕಾಂಡದ ಕಮ್ಯುನಿಸ್ಟ್ ಗಿಡಕ್ಕೆ 80 ಹಲ್ಲಿನದು. ಎಲ್ಲಿಯೂ ನೆಲಕ್ಕೆ ತಾಗಿಸುವಂತಿಲ್ಲ, ನಾಲ್ಕು ಬೆರಳು ಹುಲ್ಲು ಬಿಡಬೇಕು.

ಇಳಿಜಾರಿನಲ್ಲಿ ಹೊಡೆಯುವ ರೀತಿಯನ್ನೂ ಗಂಡಾಳು ತಾನೇ ಕಂಡುಕೊಂಡ. ಮೇಲೆ ಕೆಳಗೆ ನಡೆಯುವುದಿಲ್ಲ, ಅಡ್ಡಕ್ಕೆ ನಡೆಯುತ್ತಾನೆ. ಗುಡ್ಡ ಬಲಕ್ಕೆ, ಇಳಿಜಾರು ಎಡಕ್ಕೆ ಇರುವಂತೆ. ಬ್ಲೇಡ್ ಹುಲ್ಲನ್ನು ಎಡಕ್ಕೆ ಚೆಲ್ಲುವುದರಿಂದ ಅದು ತಾನಾಗಿ ಕೆಳಗೆ ಬೀಳುತ್ತದೆ. ಕೆಳಗಿನ ಪಟ್ಟಿಯಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಾನೆ. ಬುಡದಲ್ಲಿ ಕಡಿದ ಮರದ ಮೋಟು ಇದ್ದರೆ ಬ್ಲೇಡಿನ ಬಲ ಮುಂಭಾಗ ತಾಗದ ಹಾಗೆ ನೋಡಿಕೊಳ್ಳುತ್ತಾನೆ, ಅಲ್ಲಿ ತಾಗಿದರೆ ಮೆಷಿನ್ ಒದೆಯುತ್ತದೆ. ಒಂದು ಸಲ ಕಲ್ಲು ಸಿಡಿದು ಮೊಣಕಾಲಿನ ಕೆಳಗೆ ಬಡಿಯಿತು. ಗಾಯ ಸಣ್ಣದು. ಅಂದಿನಿಂದ ಗಂಬೂಟು, ಕಾಲುಪಟ್ಟಿ, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇಲ್ಲದೆ ಅಣ್ಣ ಮೆಷಿನ್ ಕೊಡುವುದಿಲ್ಲ. ಹೊಡೆಯುವವನ ಸುತ್ತ 15 ಮೀಟರ್ ಒಳಗೆ ಯಾರೂ ಹೋಗುವಂತಿಲ್ಲ. ಎರಡು ಗಂಟೆಗೆ ಒಂದು ಸಲ ಅರ್ಧ ಗಂಟೆ ನಿಲ್ಲಿಸಲೇಬೇಕು.

ಬೇರೆಯವರು ಇದರಿಂದ ತೆಗೆದುಕೊಳ್ಳಬಹುದಾದ್ದು

ನನ್ನನ್ನು ಈಗ ಯಾರಾದರೂ ಗುಡ್ಡದ ಜಮೀನಿಗೆ ಯಾವ ಮೆಷಿನ್ ಎಂದು ಕೇಳಿದರೆ, ಎಷ್ಟು ಎಕರೆ ಎಂದು ಕೇಳುವುದಿಲ್ಲ. ನಿಮ್ಮಲ್ಲಿ ತೀರಾ ಕಡಿದಾದ ಜಾಗ ಯಾವುದು, 10 ಅಡಿಗೆ ಎಷ್ಟು ಇಳಿಯುತ್ತದೆ, ಮೆಷಿನ್ ಹೊರುವವರು ಯಾರು ಎಂದು ಕೇಳುತ್ತೇನೆ. ಹೆಚ್ಚಿನವರಿಗೆ ಮೂರನೆಯದಕ್ಕೆ ಮಾತ್ರ ಉತ್ತರ ಗೊತ್ತಿರುತ್ತದೆ, ಆದರೆ ಆ ಮನುಷ್ಯನನ್ನು ಅವರು ಇನ್ನೂ ಕೇಳಿರುವುದಿಲ್ಲ. ಇಡೀ ಜಮೀನಿಗೆ ಒಂದೇ ಮೆಷಿನ್ ಎಂಬ ಯೋಚನೆಯನ್ನು ಮೊದಲೇ ಬಿಟ್ಟರೆ ಅರ್ಧ ದಾರಿ ಸಲೀಸು. ಪರೀಕ್ಷೆ ಮಾಡುವುದಾದರೆ ಒದ್ದೆ ನೆಲದಲ್ಲಿ ಮಾಡಿ. ಒಣ ನೆಲದಲ್ಲಿ ಎಲ್ಲ ಮೆಷಿನ್‌ಗಳೂ ಒಳ್ಳೆಯವೇ ಕಾಣುತ್ತವೆ.

ಅಣ್ಣನ ಮನೆಯಲ್ಲಿ ಎಲ್ಲವೂ ಬಗೆಹರಿದಿಲ್ಲ. ಆ ಗಂಡಾಳಿಗೆ ವಯಸ್ಸಾಗುತ್ತಿದೆ, ಬೆನ್ನಿನ ಮೆಷಿನ್ ಇನ್ನು ಎಷ್ಟು ವರ್ಷ ಹೊರಬಲ್ಲ ಎಂಬುದು ಅಣ್ಣನ ಚಿಂತೆ. ಬೇಣದ ಮೇಲ್ಭಾಗದ ಅರ್ಧ ಎಕರೆಯನ್ನು, ಆ 31 ಡಿಗ್ರಿಯ ಜಾಗವನ್ನು, ಇನ್ನು ಮುಂದೆ ಹೊಡೆಯುವುದೇ ಬೇಡ ಎಂದು ತೀರ್ಮಾನಿಸಿದ್ದಾರೆ. ಮನೆ ಹಿಂದಿನ ದರೆ ಜಾರಿದ ಜಾಗದಲ್ಲಿ ಅತ್ತಿಗೆ ಲಾವಂಚ ನೆಟ್ಟಿದ್ದಾರೆ, ಅಡ್ಡಕ್ಕೆ ಮೂರು ಸಾಲು. ಕಳೆದ ಸಲ ಹೋದಾಗ ನೋಡಿದೆ. ಬೇರು ಹಿಡಿದಿದೆ. ಅದರ ಪಕ್ಕ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿದ್ದಾರೆ, ಮೆಷಿನ್ ಆ ಕಡೆ ಬರದ ಹಾಗೆ.